ಬಾಣದ ಕೋಲು
(ಬಾನುಲಿ ಭಾಷಣ)

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗಳು ಬೆಂಗಳೂರಿನಿಂದ ತರೀಕೆರೆಯ ನಮ್ಮ ಮನೆಗೆ ಬಂದಾಗ ಉದ್ದನೆಯ ಚೀಲವೊಂದನ್ನು ತಂದಿದ್ದಳು. ಯಾವುದೋ ವಾದ್ಯವಿರಬೇಕೆಂದು ಭಾವಿಸಿದೆ. ಬಿಚ್ಚಿದರೆ ಒಳಗಿದ್ದುದು ಬಿಲ್ಲು, ಜೊತೆಗೆ ಹನ್ನೆರಡು ಬಾಣ. ಮೊದಲ ವರ್ಷ ಅಲ್ಯೂಮಿನಿಯಂ ಬಾಣಗಳಲ್ಲಿ ಕಲಿತವಳು ಈಗ ಕಾರ್ಬನ್, ಎಂದರೆ ಇಂಗಾಲದ ಎಳೆಯ ಬಾಣಗಳಿಗೆ ಬಡ್ತಿ ಪಡೆದಿದ್ದಳು. ಒಂದನ್ನು ನನ್ನ ಕೈಗಿತ್ತು, "ತಾತ, ನಿಮ್ಮ ಪಂಪನ ಅರ್ಜುನನ ಬಾಣ ಯಾವುದರಲ್ಲಿ ಮಾಡಿದ್ದು?" ಎಂದು ಕೇಳಿದಳು. "ಮರದ್ದಮ್ಮ" ಎಂದುಬಿಟ್ಟೆ. ಮೂವತ್ತು ವರ್ಷ ಪಂಪಭಾರತವನ್ನು ಪಾಠ ಹೇಳಿದವನು ನಾನು. ಆ ರಾತ್ರಿ ನಿಘಂಟನ್ನು ತೆರೆದಾಗ ನನ್ನ ಉತ್ತರ ಎಷ್ಟು ಅರೆಬರೆಯದೆಂದು ತಿಳಿಯಿತು. ಅದನ್ನು ತಿದ್ದಿಕೊಳ್ಳುವುದೇ ಈ ಹೊತ್ತಿನ ನನ್ನ ಉದ್ದೇಶ.

'ಶರ' ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಜೊಂಡುಹುಲ್ಲು. ಅದರ ದಂಟಿನಿಂದ ಆದುದಕ್ಕೂ ಅದೇ ಹೆಸರು ಬಂದಿತು. ನಮ್ಮ ಹಳಗನ್ನಡದಲ್ಲಿ 'ಕೋಲ್' ಎಂದರೆ ದಂಡವೂ ಹೌದು, ಬಾಣವೂ ಹೌದು. 'ನಾರಾಚ'ವೊಂದು ಮಾತ್ರ ಇಡಿಯಾಗಿ ಕಬ್ಬಿಣದ್ದು. ಕ್ರಿ. ಪೂ. 480ರಲ್ಲಿ ಪಾರಸಿಕರ ದೊರೆ ಜರ್ಕ್ಸಿಸನು ಗ್ರೀಸಿನ ಮೇಲೆ ದಂಡೆತ್ತಿ ಹೋದಾಗ ಅವನ ಸೈನ್ಯದಲ್ಲಿ ಭಾರತೀಯರೂ ಇದ್ದರು. ಅವರು ಹತ್ತಿಯ ಬಟ್ಟೆ ಉಟ್ಟಿದ್ದರೆಂದೂ ಅವರ ಬಿಲ್ಲುಬಾಣಗಳೆರಡೂ ಜೊಂಡಿನವು, ಬಾಣದ ತುದಿಗೆ ಕಬ್ಬಿಣವೆಂದೂ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ನಾವು ಹೊಗಳುತ್ತ ಬಂದುದು ಅಲಗಿನ ಹರಿತವನ್ನು; ಅದನ್ನು ಹೊತ್ತೊಯ್ದ ಕೋಲನ್ನಲ್ಲ.

ನಮ್ಮ ಸೀಮೆಯಾದರೂ ಬಿಲ್ಲಿಗೆ ಹೊಸದಲ್ಲ. ಕಡವೆಯ ಊರೇ ಕಡೂರಾಯಿತೆಂದು ಹೇಳುವವರಿದ್ದಾರೆ. ಅಮೃತಮಹಲ್ ತಳಿಯ ಅಜ್ಜಂಪುರದ ಬಯಲು ಹಿಂದಿನಿಂದಲೂ ದನಕರುಗಳ ನೆಲೆ. ದನಗಳಿರುವಲ್ಲಿ ತುರುಗೊಳ್ ಕಾಳಗವೂ ಇತ್ತು, ಕಾಳಗವಾದಲ್ಲಿ ವೀರಗಲ್ಲೂ ನಿಂತಿತು. ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟ ಈ ಕಡೂರು ಸೀಮೆಯ ಶಾಸನಗಳಿಗೇ ಮೀಸಲು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯ ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳಿವೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಶಿಲ್ಪಿ ಬಿಲ್ಲನ್ನು ಕಡೆದ, ಕವಿ ಕೀರ್ತಿಯನ್ನು ಹಾಡಿದ. ಆದರೆ ಕಲ್ಲಿನ ಬಾಣವನ್ನು ಎಷ್ಟು ಹೊತ್ತು ನೋಡಿದರೂ ಅದು ಜೊಂಡೋ, ಬಿದಿರೋ ತಿಳಿಯದು. ಅದನ್ನು ಬಲ್ಲವನು ಮಾಡಿದ ಕೈಯವನೊಬ್ಬನೇ.

ಅಂಥ ಕೈಯೊಂದನ್ನು ನಾನು ನೋಡಿದ್ದೆ. ಐವತ್ತೈದು ವರ್ಷಗಳ ಹಿಂದಿನ ಮಾತು. ದಸರೆಯ ನಾಟಕದಲ್ಲಿ ನನ್ನದು ಲಕ್ಷ್ಮಣನ ಪಾತ್ರ. ನಮ್ಮ ತಂದೆಯವರು ಬೇಡರ ಮುದುಕನೊಬ್ಬನನ್ನು ಕರೆಸಿ ಬಾಣ ಮಾಡಿಕೊಡಲು ಹೇಳಿದರು. ಆತ ಒಂದು ಹೊರೆ ವಾಟೆಕೋಲು ತಂದು ನಮ್ಮ ಜಗಲಿಯ ಮೇಲೆ ಕುಳಿತ. ಒಂದೊಂದನ್ನೂ ಕೆಂಡದ ಮೇಲೆ ಹದವಾಗಿ ಕಾಯಿಸಿ, ಡೊಂಕನ್ನು ಒತ್ತಿ ತೀಡಿ, ಒಂದು ಕಣ್ಣು ಮುಚ್ಚಿ ನೋಡಿ, ಕೊನೆಗೆ ಕಿವಿಯ ಬಳಿ ಹಿಡಿದು ಮೆಲ್ಲಗೆ ಬಗ್ಗಿಸುತ್ತಿದ್ದ. ಹೆಚ್ಚಿನವನ್ನು ಒಲೆಗೆಂದು ಎಸೆದ. ಸಂಜೆಗೆ ಉಳಿದವು ಆರೇ. "ಎಲ್ಲವೂ ಅಣ್ಣತಮ್ಮಂದಿರಂಗೆ ಇರಬೇಕು" ಎಂದ. ಸೋಮಾರಿಯ ನೆಪವೆಂದು ನಾವು ಹುಡುಗರು ನಕ್ಕೆವು.

ಆ ಮಾತಿನ ಅರ್ಥ ಹೊಳೆದುದು ಮೊಮ್ಮಗಳ ವಿವರಣೆಯಿಂದ. ನಾಣು ತಳ್ಳಿದೊಡನೆ ಬಾಣ ನೆಟ್ಟಗೆ ಹೋಗುವುದಿಲ್ಲವಂತೆ. ಹಾವಿನಂತೆ ಬಳುಕಿ, ಬಿಲ್ಲಿನ ಮೈಯನ್ನು ಬಳಸಿಕೊಂಡು ಹೋಗಿ, ಆಮೇಲೆ ನೇರವಾಗುತ್ತದೆ. ಆದುದರಿಂದ ಬತ್ತಳಿಕೆಯ ಕೋಲುಗಳೆಲ್ಲ ಒಂದೇ ಸಮನಾಗಿ ಬಳುಕಬೇಕು. ಗಿಡ ಕೊಟ್ಟ ಕೋಲಿನಲ್ಲಿ ಈ ಸಮತೆಯನ್ನು ಆರಿಸಿ ಪಡೆಯಬೇಕು. ಕೊಳವೆಯಂತೆ ಎಳೆದ ಅಲ್ಯೂಮಿನಿಯಂನಲ್ಲಿ ಅದನ್ನು ಯಂತ್ರವೇ ಕೊಡುತ್ತದೆ. ಅಮೆರಿಕದ ಈಸ್ಟನ್ ಎಂಬಾತ ಮಾಡಿದ ಅಲ್ಯೂಮಿನಿಯಂ ಬಾಣಗಳಿಂದ 1941ರಲ್ಲಿ ಆ ದೇಶದ ರಾಷ್ಟ್ರೀಯ ಸ್ಪರ್ಧೆಯನ್ನೇ ಗೆದ್ದರು. ಆದರೆ ಆ ಲೋಹ ಬಡಿತಕ್ಕೆ ಬಾಗಿದರೆ ಬಾಗಿಯೇ ಉಳಿಯುತ್ತದೆ. 1980ರ ದಶಕದಲ್ಲಿ ಕಾರ್ಬನ್ ಬಂದಿತು. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಇದು ಸುಮಾರು 1.6 ಗ್ರಾಂ. ಕೋಲು ಹಗುರ, ವೇಗ ಹೆಚ್ಚು. ಅದು ಬಾಗಿ ಉಳಿಯುವುದಿಲ್ಲ; ನೆಟ್ಟಗಿರುತ್ತದೆ, ಇಲ್ಲವೇ ಮುರಿಯುತ್ತದೆ. ಬಿಲ್ಲುಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಬೇಟೆಗಾರರೂ ಅಲ್ಯೂಮಿನಿಯಂ ಬಿಟ್ಟು ಇದರತ್ತ ಹೊರಳಿದುದಕ್ಕೆ ಕಾರಣ ಇದೇ.

ಈ ಈಸ್ಟನ್ನನಿಗೆ ಬಾಣದ ಹುಚ್ಚು ಹಿಡಿಸಿದ್ದು ಒಂದು ಪುಸ್ತಕ. ಬರೆದವರು ಸ್ಯಾಕ್ಸ್ಟನ್ ಪೋಪ್ ಎಂಬ ವೈದ್ಯರು. ಅವರಿಗೆ ಬಿಲ್ಲುವಿದ್ಯೆ ಕಲಿಸಿದವನು ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದ ಕಟ್ಟಕಡೆಯ ವ್ಯಕ್ತಿ, ಇಶಿ. 1911ರಲ್ಲಿ ಕಾಡಿನಿಂದ ಹೊರಬಂದ ಆತ 1916ರಲ್ಲಿ ತೀರಿಕೊಂಡ. ಆತ ಕೋಲನ್ನು ಕಾಯಿಸಿ ತಿದ್ದುತ್ತಿದ್ದ ಬಗೆಯನ್ನು ಪೋಪ್ ಕಣ್ಣಾರೆ ಕಂಡು ಬರೆದಿಟ್ಟರು. ಅಲ್ಲಿ ಹೊಸ ಬಾಣ ಹುಟ್ಟಿದ್ದು ಹಳೆಯ ಬಾಣವನ್ನು ಯಾರೋ ಗಮನಿಸಿದ್ದರಿಂದ. ನಮ್ಮ ಜಗಲಿಯ ಮೇಲೆ ಕುಳಿತವನ ಹೆಸರು ಕೂಡ ನನಗೆ ನೆನಪಿಲ್ಲ. ಬಿಲ್ಲಿಗೆ ಎಷ್ಟೊಂದು ಪರ್ಯಾಯಪದಗಳನ್ನು ನಾನು ಬಾಯಿಪಾಠ ಹೇಳಬಲ್ಲೆ. ಆತ ಕೋಲು ತೀಡುವುದಕ್ಕೆ, ಹದಕ್ಕೆ, ಎಸೆದ ಕೋಲಿನ ದೋಷಗಳಿಗೆ ಬಳಸಿದ ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ.

ಬೇಟೆ ನಿಂತುಹೋಯಿತೆಂದು ನಾನು ಮರುಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರಬೇಕಾದದ್ದೇ. ಲಕ್ಕವಳ್ಳಿಯ ಕಾಡು ಸೇರಿದ ಭದ್ರಾ ಅರಣ್ಯ 1998ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾದುದೂ ಸಂತೋಷವೇ. ಆದರೆ ಬೇಟೆಯೊಡನೆ ಅದರ ಕುಶಲತೆಯ ಮಾತುಗಳೂ ಹೋಗಬೇಕಾಗಿರಲಿಲ್ಲ. ಬಲ್ಲ ಹಿರಿಯರು ಈ ಮೂರು ಊರುಗಳ ಸುತ್ತ ಇನ್ನೂ ಇದ್ದರೆ, ಕನ್ನಡ ಓದುವ ತರುಣರು ಅವರ ಜಗಲಿಗೆ ಹೋಗಿ ಕುಳಿತುಕೊಳ್ಳಲಿ.

ಹೊರಡುವ ಮುನ್ನ ಮೊಮ್ಮಗಳು ಅಂಗಳದಲ್ಲಿ ಅಭ್ಯಾಸಕ್ಕೆ ನಿಂತಳು. ಬಾಣ ಹೂಡುವ ಮೊದಲು ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಏಕೆಂದು ಕೇಳಿದೆ. "ಒಳಗೆ ಬಿರುಕಿದ್ದರೆ ಚಿಟಿಚಿಟಿ ಅನ್ನುತ್ತೆ ತಾತ. ಹಾಗೇ ಬಿಟ್ಟರೆ ಸಿಡಿದು ಕೈಗೆ ಚುಚ್ಚಿಕೊಳ್ಳುತ್ತೆ" ಎಂದಳು. ಆಗ ಅವಳಿಗೆ ಜೊಂಡಿನ ಶರದ ಕಥೆಯನ್ನೂ ಜಗಲಿಯ ಮುದುಕನ ಕಥೆಯನ್ನೂ ಹೇಳಿದೆ. ಉತ್ತರ ತಿದ್ದಿದಂತಾಯಿತು, ಮುದುಕನ ಹೆಸರು ಮಾತ್ರ ಖಾಲಿಯಾಗಿಯೇ ಉಳಿಯಿತು.