ವಾಕ್ಯದ ಹಿಂದು ಮುಂದು

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ಎಂ.ಎ. ವಿದ್ಯಾರ್ಥಿ. ರಜೆಯಲ್ಲಿ ನಮ್ಮೂರು ಕತ್ತಲಗೆರೆಗೆ ಸಹಪಾಠಿಯೊಬ್ಬನು ತನ್ನ ತಂದೆಯೊಡನೆ ಬಂದಿದ್ದನು. ಅವರು ಪ್ರಾಟೆಸ್ಟೆಂಟ್ ಕ್ರೈಸ್ತರು; ತಂದೆ ನಿವೃತ್ತ ಉಪಾಧ್ಯಾಯರು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ಮಾತು ಮುಕ್ತಿಯ ಕಡೆಗೆ ಹೊರಳಿತು. ವಾದದ ಹುರುಪಿನಲ್ಲಿದ್ದ ನಾನು ಬೈಬಲ್ಲಿನ ಎರಡು ವಾಕ್ಯಗಳನ್ನು ಗುರುತು ಹಾಕಿಕೊಂಡಿದ್ದೆ. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕರ್ಮಗಳಿಂದಲ್ಲ ಎಂಬುದು ಪೌಲನ ಮಾತು. ಕೇವಲ ನಂಬಿಕೆಯಿಂದಲ್ಲ, ಕ್ರಿಯೆಯಿಂದಲೂ ಎಂಬುದು ಯಾಕೋಬನ ಮಾತು. "ನಿಮ್ಮ ಗ್ರಂಥವೇ ತನ್ನೊಡನೆ ತಾನು ಜಗಳವಾಡುತ್ತಿದೆ. ಇನ್ನೊಬ್ಬರಿಗೆ ಅದು ಏನು ದಾರಿ ತೋರೀತು?" ಎಂದುಬಿಟ್ಟೆ.

ಗೆಳೆಯನ ಮುಖ ಬಾಡಿತು. ಹಿರಿಯರು ಮಾತ್ರ ಸಿಟ್ಟಾಗಲಿಲ್ಲ. "ಅವೆರಡೂ ಕಾಗದಗಳು ಕಣಪ್ಪ. ಯಾರು ಯಾರಿಗೆ ಯಾಕೆ ಬರೆದರು ಅಂತ ನೋಡಿದೀಯಾ? ಪೂರ್ತಿ ಓದಿದೀಯಾ?" ಎಂದರು. ನಾನು ಓದಿರಲಿಲ್ಲ.

ಆಮೇಲೆ ಓದಿದೆ. ಪೌಲನು ರೋಮಾಪುರದವರಿಗೆ ಪತ್ರ ಬರೆದದ್ದು ಕ್ರಿ.ಶ. ೫೭ರ ಸುಮಾರಿಗೆ. ಅವನ ಮುಂದಿದ್ದ ಪ್ರಶ್ನೆ ಇದು: ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿ ಬಂದರೆ, ಅವರಿಗೂ ಸುನ್ನತಿ ಮೊದಲಾದ ಯೆಹೂದ್ಯರ ವಿಧಿಗಳು ಬೇಕೇ? ಬೇಕಿಲ್ಲವೆಂಬುದಕ್ಕೆ ಅವನು ಅಬ್ರಹಾಮನನ್ನು ಸಾಕ್ಷಿಗೆ ಕರೆಯುತ್ತಾನೆ. ಆದಿಕಾಂಡದ ೧೫ನೆಯ ಅಧ್ಯಾಯದಲ್ಲಿ ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದನು. ಸುನ್ನತಿಯ ಮಾತು ಬರುವುದು ೧೭ರಲ್ಲಿ. ಮೊದಲಿನದು ಯಾವುದು, ಆಮೇಲಿನದು ಯಾವುದು ನೋಡಿರಿ ಎಂಬುದೇ ಅವನ ವಾದ. ವಾಕ್ಯದ ಹಿಂದು ಮುಂದು ನೋಡಬೇಕೆಂಬ ಪಾಠವನ್ನು ಸ್ವತಃ ಪೌಲನೇ ಹೇಳಿಕೊಟ್ಟಂತಾಯಿತು.

ಯಾಕೋಬನ ಎದುರಿಗಿದ್ದವರೇ ಬೇರೆ. ಅವನ ಪತ್ರದ ಎರಡನೆಯ ಅಧ್ಯಾಯ ತೆರೆಯುವುದೇ ಒಂದು ಸಭೆಯ ಚಿತ್ರದಿಂದ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠ. ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿ ಜಾಗ. ಉಡಲು ಉಣ್ಣಲು ಇಲ್ಲದವನನ್ನು ಬರಿಯ ಹರಕೆಯ ಮಾತಾಡಿ ಕಳುಹಿಸುವ ನಂಬಿಕೆಯಿಂದ ಪ್ರಯೋಜನವೇನೆಂದು ಅವನು ಕೇಳುತ್ತಾನೆ. ದೇವರೊಬ್ಬನೇ ಎಂದು ದೆವ್ವಗಳೂ ನಂಬುತ್ತವೆ ಎಂದು ಚುಚ್ಚುತ್ತಾನೆ. ಅವನು ಕರೆಯುವ ಸಾಕ್ಷಿಯೂ ಅದೇ ಅಬ್ರಹಾಮ. ಆದರೆ ಇಸಾಕನನ್ನು ಬಲಿಪೀಠಕ್ಕೆ ಕರೆದೊಯ್ದ ೨೨ನೆಯ ಅಧ್ಯಾಯದ ಅಬ್ರಹಾಮ. ಒಬ್ಬನು ಹೇಳಿದ 'ಕರ್ಮ' ಗುರುತಿನ ವಿಧಿ. ಇನ್ನೊಬ್ಬನು ಹೇಳಿದ 'ಕ್ರಿಯೆ' ಹಸಿದವನಿಗೆ ಇಕ್ಕುವ ಅನ್ನ. ನಾನು ಎರಡು ಬೇರೆ ಪ್ರಶ್ನೆಗಳ ಉತ್ತರಗಳನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚಿದ್ದೆ.

ಇದರಿಂದ ತೊಡಕೆಲ್ಲ ಬಗೆಹರಿಯಿತೆಂದಲ್ಲ. ಮಾರ್ಟಿನ್ ಲೂಥರನಂಥ ಪಂಡಿತನೇ ೧೫೨೨ರ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ, ಮೂಲದಲ್ಲಿಲ್ಲದ 'ಮಾತ್ರ' ಎಂಬ ಶಬ್ದವನ್ನು ಸೇರಿಸಿದನು. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರವೆಂದು ಹಗುರಾಗಿ ಕಂಡನು. ೧೫೪೭ರಲ್ಲಿ ಟ್ರೆಂಟ್ ಮಹಾಸಭೆ ಕೆಥೊಲಿಕರ ಪರವಾಗಿ ಅದಕ್ಕೆ ಎದುರಾದ ನಿರ್ಣಯ ಮಾಡಿತು. ೧೯೯೯ರ ಅಕ್ಟೋಬರ್ ೩೧ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಮತ್ತು ಕೆಥೊಲಿಕ್ ಸಭೆಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ರಕ್ಷಣೆ ದೇವರ ಕೃಪೆಯಿಂದ, ಸತ್ಕ್ರಿಯೆ ಅದರ ಫಲ. ಈ ಮಾತಿಗೆ ಬರಲು ನಾನೂರೈವತ್ತು ವರ್ಷಗಳು ಹಿಡಿದವು!

ವಾಕ್ಯವನ್ನು ಕಿತ್ತು ಕೈಗೆತ್ತಿಕೊಳ್ಳುವ ಅನುಕೂಲವನ್ನು ಒದಗಿಸಿದ್ದು ಅಂಕೆಗಳು. ಪೌಲನು ಅಂಕೆ ಹಾಕಿ ಬರೆದವನಲ್ಲ. ಅಧ್ಯಾಯಗಳ ವಿಂಗಡಣೆ ೧೩ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ಇಂದಿನ ವಾಕ್ಯಸಂಖ್ಯೆಗಳು ಮುದ್ರಕ ರಾಬರ್ಟ್ ಎಸ್ತಿಯೆನ್ನನ ೧೫೫೧ರ ಆವೃತ್ತಿಯಿಂದ ಬಂದವು. ಹುಡುಕಲು ಸುಲಭವಾಯಿತು, ಹರಿದುಕೊಳ್ಳಲೂ ಸುಲಭವಾಯಿತು.

ನಮ್ಮ ನಾಡಿಗೆ ಈ ಗ್ರಂಥ ಬಂದ ಕಥೆಯಲ್ಲಿ ಇನ್ನೊಂದು ಬಗೆಯ ಸಂದರ್ಭದ ಪ್ರಶ್ನೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು ೧೮೧೦ರಲ್ಲಿ. ಅವನೂ ನಿಘಂಟುಕಾರ ವಿಲಿಯಂ ರೀವನೂ ದುಡಿದುದರ ಫಲವಾಗಿ ೧೮೩೧ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಇಂದಿಗೂ ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ಈ ತತ್ತ್ವಕ್ಕೆ ನೆಲೆಯಾಗಿ ನಿಂತ ಮಾತು 'ಮೋಕ್ಷ'ವಲ್ಲ, 'ರಕ್ಷಣೆ'. ಮೋಕ್ಷವೆಂದರೆ ನಮ್ಮ ಕಿವಿಗೆ ಹುಟ್ಟುಸಾವುಗಳ ಬಳಸಿನಿಂದ ಬಿಡುಗಡೆ. ರಕ್ಷಣೆಯೆಂದರೆ ಮುಳುಗುವವನನ್ನು ದಡಕ್ಕೆ ಸೇರಿಸುವುದು. ಮೂಲದ ಗ್ರೀಕ್ ಶಬ್ದಕ್ಕೂ ಈ ನೆಲದ ಅರ್ಥವಿದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, ಪ್ರಾಣ ಉಳಿಯಬೇಕಾದರೆ ಊಟ ಮಾಡಿರೆಂದು ಪೌಲನು ಹೇಳುವಲ್ಲಿಯೂ ಅದೇ ಶಬ್ದವಿದೆ. ಮುಕ್ತಿಯ ಕುರಿತ ನಮ್ಮ ಕಲ್ಪನೆಯನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಅರ್ಥ ಕೆಡುತ್ತದೆ. ಶಬ್ದದ ಅರ್ಥ ಅದರ ಬಳಕೆಯಲ್ಲಿದೆ ಎಂಬುದನ್ನು ಬಲ್ಲ ಮಿಷನರಿ ಕಿಟ್ಟೆಲ್. ಮತಬೋಧನೆಗೆ ಬಂದ ಅವನು ೧೮೯೪ರಲ್ಲಿ ಹೊರಬಂದ ತನ್ನ ನಿಘಂಟಿನಲ್ಲಿ ಕಾವ್ಯಪ್ರಯೋಗಗಳನ್ನೂ ಗಾದೆಗಳನ್ನೂ ಪೋಣಿಸಿಟ್ಟನು.

ನಮ್ಮ ವಚನಗಳಿಗೂ ಇದೇ ಗತಿ. ಒಂದೊಂದು ಸಾಲನ್ನು ವೇದಿಕೆಯ ಮೇಲೆ, ಗೋಡೆಯ ಮೇಲೆ ಬಿಡಿಯಾಗಿ ಕಾಣುತ್ತೇವೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಬಿಡಿ ವಚನಗಳನ್ನು ಸಂವಾದದ ಎಳೆಯಲ್ಲಿ ಕೂಡಿಸಿ 'ಶೂನ್ಯಸಂಪಾದನೆ'ಯನ್ನು ಕಟ್ಟಿದನು. ಅಲ್ಲಿ ಪ್ರತಿಯೊಂದು ವಚನಕ್ಕೂ ಕೇಳುವವರುಂಟು, ಉತ್ತರ ಕೊಡುವವರುಂಟು. ಆದರೆ ಆ ಸಂದರ್ಭ ವಚನಕಾರರದಲ್ಲ, ಸಂಪಾದಕನದು ಎಂಬುದನ್ನೂ ಮರೆಯಬಾರದು. ಸಂದರ್ಭ ಬೇಕು; ಅದನ್ನು ಒದಗಿಸಿದವರು ಯಾರೆಂಬ ವಿಚಾರಣೆಯೂ ಬೇಕು.

ಈಗ ತರಗತಿಯಲ್ಲಿ ವಿದ್ಯಾರ್ಥಿಗಳು ಯಾವ ಗ್ರಂಥದ್ದೇ ಆಗಲಿ ಒಂದು ಸಾಲನ್ನು ಹಿಡಿದು ಜಗಳಕ್ಕೆ ನಿಂತರೆ, ಇದು ಯಾವ ಪ್ರಶ್ನೆಗೆ ಉತ್ತರವೆಂದು ಕೇಳುತ್ತೇನೆ. ಬಹಳಷ್ಟು ಸಲ ಪುಸ್ತಕ ತೆರೆಯಬೇಕಾಗುತ್ತದೆ. ಅಷ್ಟರಲ್ಲಿ ಸಿಟ್ಟೂ ಇಳಿದಿರುತ್ತದೆ. ಕತ್ತಲಗೆರೆಯಿಂದ ಹೊರಡುವ ದಿನ ಬಸ್ಸಿಗೆ ಕಾಯುತ್ತಿದ್ದಾಗ ನಾನು ಗೆಳೆಯನ ಕ್ಷಮೆ ಕೇಳಿದೆ. ಅವನ ತಂದೆ ನಕ್ಕು, "ಕ್ಷಮೆ ಇರಲಿ, ಕಾಗದ ಓದಿ ಮುಗಿಸಪ್ಪ" ಎಂದರು.