ಭಿನ್ನ ಫಲಿತಾಂಶಗಳ ತರಗತಿ: ವಿಜ್ಞಾನ ಶಿಕ್ಷಕರ ತಯಾರಿಯಲ್ಲಿ ಚಟುವಟಿಕೆಯ ಸ್ಥಾನ

ಸಾರಾಂಶ

ಒಂದೇ ಪ್ರಯೋಗ ಮಾಡಿದ ಮಕ್ಕಳಿಗೆ ಬೇರೆ ಬೇರೆ ಫಲಿತಾಂಶ ಬಂದಾಗ ಶಿಕ್ಷಕರು ಏನು ಮಾಡುತ್ತಾರೆ? ಚಟುವಟಿಕೆ ಆಧಾರಿತ ವಿಜ್ಞಾನ ಬೋಧನೆಯ ಗುಣಮಟ್ಟ ಈ ಪ್ರಶ್ನೆಯ ಉತ್ತರದಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ. ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಅನುಭವ ಹಾಗೂ ಶಾಲೆಗಳಲ್ಲಿ ಬಳಕೆಯಲ್ಲಿರುವ ಎರಡು ಪ್ರಯೋಗಗಳನ್ನು ಆಧರಿಸಿ, ಶಿಕ್ಷಕರ ತರಬೇತಿಯಲ್ಲಿ ಆಗಬೇಕಾದ ಬದಲಾವಣೆಗಳನ್ನು ಚರ್ಚಿಸಲಾಗಿದೆ.

1. ಪ್ರಸ್ತಾವನೆ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಿಜ್ಞಾನದ ಪಠ್ಯಕ್ರಮವನ್ನು ಆರು ಮಾನದಂಡಗಳಿಂದ ಅಳೆಯಬೇಕೆಂದು ಹೇಳಿತು. ಕಲಿಸುವ ವಿಷಯ ವೈಜ್ಞಾನಿಕವಾಗಿ ಸರಿಯಿರಬೇಕೆಂಬುದು ಅವುಗಳಲ್ಲೊಂದು. ವಿಜ್ಞಾನದಲ್ಲಿ ತಿಳಿವಳಿಕೆ ಮೂಡುವ ಬಗೆಯನ್ನು ಮಗು ತಾನೇ ಮಾಡಿ ಅರಿಯಬೇಕೆಂಬುದು ಇನ್ನೊಂದು. ಇಂದಿನ ಪಠ್ಯಪುಸ್ತಕಗಳಲ್ಲಿ ಚಟುವಟಿಕೆಗಳಿಗೆ ಕೊರತೆಯಿಲ್ಲ. ಡಿ.ಎಡ್., ಬಿ.ಎಡ್. ಪ್ರಶಿಕ್ಷಣಾರ್ಥಿಗಳೂ ಕಡಿಮೆ ವೆಚ್ಚದ ಪಾಠೋಪಕರಣಗಳನ್ನು ತಯಾರಿಸುತ್ತಾರೆ, ಪಾಠ ಯೋಜನೆಯಲ್ಲಿ ಚಟುವಟಿಕೆಗೆಂದೇ ಒಂದು ಅಂಕಣ ತುಂಬುತ್ತಾರೆ.

ತೊಡಕಿರುವುದು ಮುಂದಿನ ಹಂತದಲ್ಲಿ. ಬೋಧನಾಭ್ಯಾಸದ ಪಾಠವನ್ನು ವೀಕ್ಷಿಸುವವರು ಸಾಮಾನ್ಯವಾಗಿ ಚಟುವಟಿಕೆ ನಡೆಯಿತೇ, ಮಕ್ಕಳು ಪಾಲ್ಗೊಂಡರೇ, ಪಾಠ ಸಮಯಕ್ಕೆ ಮುಗಿಯಿತೇ ಎಂದು ನೋಡುತ್ತಾರೆ. ಫಲಿತಾಂಶ ಪುಸ್ತಕಕ್ಕಿಂತ ಬೇರೆಯಾಗಿ ಬಂದರೆ ಅದು ಪ್ರಶಿಕ್ಷಣಾರ್ಥಿಯ ಸಿದ್ಧತೆಯ ಕೊರತೆ ಎನಿಸಿಕೊಳ್ಳುತ್ತದೆ. ಹಾಗಾಗಿ ಖಚಿತವಾಗಿ ಕೈಗೂಡುವ ಪ್ರಯೋಗವನ್ನೇ ಆರಿಸಿಕೊಂಡು, ಮೇಜಿನ ಮೇಲೆ ತಾವೇ ಮಾಡಿ ತೋರಿಸುವುದು ಅವರಿಗೆ ಜಾಣತನವಾಗಿ ಕಾಣುತ್ತದೆ.

2. ಹೋಶಂಗಾಬಾದಿನ ಪಾಠ

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಈ ಜಾಣತನವನ್ನೇ ಪ್ರಶ್ನಿಸಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಇದನ್ನು ಕೈಗೆತ್ತಿಕೊಂಡವು. ದೆಹಲಿ ವಿಶ್ವವಿದ್ಯಾಲಯ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೊತೆಗೂಡಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ವಿಸ್ತರಿಸಿತು, 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ರಾಜ್ಯ ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸುವವರೆಗೆ, ಮೂರು ದಶಕಗಳ ಕಾಲ, ಸಾಧಾರಣ ಸರ್ಕಾರಿ ಶಾಲೆಗಳ ಸಾಧಾರಣ ಶಿಕ್ಷಕರೊಂದಿಗೇ ಅದು ನಡೆಯಿತು.

'ಬಾಲ ವೈಜ್ಞಾನಿಕ್' ಎಂಬ ಅದರ ಪಠ್ಯಪುಸ್ತಕದಲ್ಲಿ ಪ್ರಯೋಗಕ್ಕೆ ಸೂಚನೆಗಳೂ ಪ್ರಶ್ನೆಗಳೂ ಇದ್ದವು. ಉತ್ತರಗಳನ್ನು ಮಕ್ಕಳು ತಮ್ಮ ಅವಲೋಕನಗಳಿಂದ ಕಟ್ಟಿಕೊಳ್ಳಬೇಕಿತ್ತು. ಇಂಥ ಪುಸ್ತಕ ಹಿಡಿದು ಪಾಠ ಮಾಡುವ ಶಿಕ್ಷಕರಿಗೆ ಉಪನ್ಯಾಸದ ತರಬೇತಿ ಸಾಲದು. ಬೇಸಿಗೆ ಶಿಬಿರಗಳಲ್ಲಿ ಅವರು ಮಕ್ಕಳಂತೆಯೇ ಗುಂಪುಗಳಲ್ಲಿ ಕುಳಿತು, ಅದೇ ಕಿಟ್ ಬಳಸಿ, ಅದೇ ಪ್ರಯೋಗಗಳನ್ನು ಮಾಡಿದರು, ಬಂದ ಅಳತೆಗಳನ್ನು ಎಲ್ಲರ ಮುಂದಿಟ್ಟು ವಾದಿಸಿದರು. ಶಾಲೆ ಶುರುವಾದ ಮೇಲೆ ಮಾಸಿಕ ಗೋಷ್ಠಿಗಳಿದ್ದವು. ಪುಸ್ತಕ ತೆರೆದಿಟ್ಟೇ ಬರೆಯುವ ಪರೀಕ್ಷೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ, ಹೀಗೆ ಮೌಲ್ಯಮಾಪನವೂ ಬೋಧನೆಯ ದಿಕ್ಕಿನಲ್ಲೇ ಸಾಗಿತು.

ಕಾನ್ಪುರ ಐಐಟಿಯ ಪದವೀಧರ ಅರವಿಂದ ಗುಪ್ತಾ 1978ರಲ್ಲಿ ಇಲ್ಲಿಗೆ ಬಂದವರು. ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿ ಕಟ್ಟುವ ಅವರ ವಿಧಾನ ಪ್ರಸಿದ್ಧ. ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಬಾಗದು. ನಾಲ್ಕು ಕಡ್ಡಿಯ ಚೌಕ ಒತ್ತಿದೊಡನೆ ವಾಲುತ್ತದೆ. ಚೌಕವನ್ನು ಗಟ್ಟಿ ಮಾಡುವುದು ಹೇಗೆಂದು ಮಗು ತಡಕಾಡಿ ಕರ್ಣದ ಜಾಗಕ್ಕೆ ಇನ್ನೊಂದು ಕಡ್ಡಿ ಹುಡುಕತೊಡಗಿದರೆ, ಅದೇ ಸೃಜನಶೀಲತೆ. ಥರ್ಮಾಕೋಲಿನ ಮೇಲೆ ಬಣ್ಣ ಬಳಿದ ಮಾದರಿಯಲ್ಲಿ ಹೀಗೆ ಮುಂದಿನ ಪ್ರಶ್ನೆ ಹುಟ್ಟುವ ಸಂಭವ ಕಡಿಮೆ.

3. ತಪ್ಪು ಕಲಿಸುವ ಪ್ರಯೋಗ

ಮಾಡಿ ಕಲಿತದ್ದೆಲ್ಲ ಸರಿಯಾದ ಕಲಿಕೆಯಾಗಬೇಕಿಲ್ಲ. ಎಲ್ಲ ಅನುಭವವೂ ಶಿಕ್ಷಣವಾಗದು, ಕೆಲವು ಮುಂದಿನ ಕಲಿಕೆಗೆ ಅಡ್ಡಿಯಾಗುತ್ತವೆ ಎಂದು ಜಾನ್ ಡ್ಯೂಯಿ 1938ರಲ್ಲೇ ಎಚ್ಚರಿಸಿದ್ದರು. ಇದಕ್ಕೆ ಒಳ್ಳೆಯ ಉದಾಹರಣೆ ಮೇಣದಬತ್ತಿಯ ಪ್ರಯೋಗ. ತಟ್ಟೆಯ ನೀರಿನಲ್ಲಿ ಉರಿಯುವ ಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕಿದರೆ ಬತ್ತಿ ಆರುತ್ತದೆ, ನೀರು ಮೇಲೇರುತ್ತದೆ. ಆಮ್ಲಜನಕ ಖರ್ಚಾದ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯ ಐದನೇ ಒಂದು ಭಾಗ ಆಮ್ಲಜನಕ ಎಂಬ ತೀರ್ಮಾನವನ್ನು ತಲೆಮಾರುಗಳಿಂದ ಹೇಳಿಕೊಡಲಾಗಿದೆ.

ಲೆಕ್ಕ ಹಾಕಿದರೆ ಈ ತೀರ್ಮಾನ ನಿಲ್ಲದು. ಗಾಳಿಯಲ್ಲಿ ಸುಮಾರು ಶೇ. 21ರಷ್ಟಿರುವ ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದಾಗಲೇ ಬತ್ತಿ ಆರುತ್ತದೆ. ಅಂದರೆ ಖರ್ಚಾದದ್ದು ಶೇ. 5ರಷ್ಟು ಮಾತ್ರ. ಮೇಣ ಉರಿದಾಗ, ಬಳಕೆಯಾದ ಆಮ್ಲಜನಕದ ಗಾತ್ರದ ಸುಮಾರು ಮೂರನೇ ಎರಡು ಭಾಗದಷ್ಟು ಇಂಗಾಲದ ಡೈಆಕ್ಸೈಡ್ ಅದೇ ಲೋಟದಲ್ಲಿ ತುಂಬಿಕೊಳ್ಳುತ್ತದೆ, ಅದು ನೀರಿನಲ್ಲಿ ಕರಗುವುದು ನಿಧಾನ. ಉಳಿಯುವ ನಿವ್ವಳ ಇಳಿಕೆ ಶೇ. 2ಕ್ಕೂ ಕಡಿಮೆ. ನೀರೇರುವುದಕ್ಕೆ ಮುಖ್ಯ ಕಾರಣ ಶಾಖ. ಜ್ವಾಲೆಯ ಸುತ್ತಲಿನ ಗಾಳಿ ಹಿಗ್ಗಿರುತ್ತದೆ, ಒಂದಷ್ಟು ಲೋಟದ ಅಂಚಿನಿಂದ ಗುಳ್ಳೆಗಳಾಗಿ ಹೊರಬೀಳುತ್ತದೆ. ಬತ್ತಿ ಆರಿ ಒಳಗಿನ ಗಾಳಿ ತಣಿದು ಕುಗ್ಗಿದಾಗ ನೀರು ಒಳನುಗ್ಗುತ್ತದೆ.

ಇದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಮಕ್ಕಳ ಕಣ್ಣೆದುರೇ ಇರುತ್ತದೆ. ಬತ್ತಿ ಉರಿಯುವಾಗ ನೀರು ನಿಧಾನವಾಗಿ ಏರುವುದಿಲ್ಲ, ಆರಿದ ಮೇಲೆ ಒಮ್ಮೆಲೇ ಏರುತ್ತದೆ. ಒಂದರ ಬದಲು ಮೂರು ಬತ್ತಿ ಇಟ್ಟ ಗುಂಪಿನ ಲೋಟದಲ್ಲಿ ನೀರು ಇನ್ನೂ ಮೇಲಕ್ಕೆ ಬರುತ್ತದೆ. ಲೋಟ ಅದೇ, ಆಮ್ಲಜನಕವೂ ಅಷ್ಟೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ? ಈ ಪ್ರಶ್ನೆ ಕೇಳಲು ಬರುವ ಶಿಕ್ಷಕಿಗೆ ಮೂರು ಬತ್ತಿಯ ಗುಂಪು ವರ. ಬಾರದಿದ್ದರೆ ಅದು ಕೀಟಲೆಯ ಗುಂಪು. ಐದನೇ ಒಂದು ಭಾಗವನ್ನೇ ತೋರಿಸಬೇಕಿದ್ದರೆ ಪ್ರನಾಳದ ಒಳಗೋಡೆಗೆ ಒದ್ದೆ ಕಬ್ಬಿಣದ ರಜ ಅಂಟಿಸಿ, ನೀರಿನಲ್ಲಿ ಬೋರಲಿಟ್ಟು, ಕೆಲವು ದಿನ ತುಕ್ಕು ಹಿಡಿಯಲು ಬಿಡುವುದು ಮೇಲು. ಅಲ್ಲಿ ಶಾಖದ ಗೊಂದಲವಿಲ್ಲ.

4. ಮೂವತ್ತೆಂಟು ಸೆಕೆಂಡಿನ ಗುಂಪು

ಎರಡನೆಯ ಉದಾಹರಣೆ ಲೋಲಕ. ಒಂದು ಮೀಟರ್ ಉದ್ದದ ಲೋಲಕದ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಬೇಕು. ಆದರೆ ಗುಂಡನ್ನು ಕೈಬಿಟ್ಟ ಕ್ಷಣವನ್ನೇ 'ಒಂದು' ಎಂದು ಎಣಿಸುವ ಗುಂಪು ವಾಸ್ತವದಲ್ಲಿ 19 ಆಂದೋಲನಗಳನ್ನಷ್ಟೇ ಅಳೆದು 38 ಸೆಕೆಂಡು ಎನ್ನುತ್ತದೆ. ದಾರವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಗಂಟಿನವರೆಗಷ್ಟೇ ಅಳೆದ ಗುಂಪಿನ ಲೋಲಕ ತುಸು ಉದ್ದವಾಗಿ, ಕಾಲ ಅರ್ಧ ಸೆಕೆಂಡಿನಷ್ಟು ಹೆಚ್ಚಬಹುದು. ಎಲ್ಲ ಗುಂಪುಗಳ ಅಂಕಿಗಳನ್ನೂ ಕಪ್ಪುಹಲಗೆಯ ಮೇಲೆ ಬರೆದರೆ ಈ ಎರಡು ವ್ಯತ್ಯಾಸಗಳ ಸ್ವರೂಪವೇ ಬೇರೆಯೆಂದು ಮಕ್ಕಳಿಗೆ ಕಾಣುತ್ತದೆ. ಎರಡು ಸೆಕೆಂಡಿನ ಅಂತರಕ್ಕೆ ಎಣಿಕೆಯಲ್ಲಿ ಕಾರಣ ಹುಡುಕಬೇಕು, ಅರ್ಧ ಸೆಕೆಂಡಿನ ಅಂತರಕ್ಕೆ ಅಳತೆಯಲ್ಲಿ. ಸರಿಯುತ್ತರ 40 ಎಂದು ಮೊದಲೇ ಹೇಳಿಬಿಟ್ಟರೆ 38ರ ಗುಂಪು ರಬ್ಬರ್ ಹುಡುಕುತ್ತದೆ. ಸೊನ್ನೆಯಿಂದ ಎಣಿಸಬೇಕೇಕೆ ಎಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ.

5. ತರಬೇತಿಗೆ ಅನ್ವಯ

ವಿಷಯ ಬಲ್ಲವರ ಜ್ಞಾನ ಬೇರೆ, ಆ ವಿಷಯವನ್ನು ಕಲಿಸಬಲ್ಲವರ ಜ್ಞಾನ ಬೇರೆ ಎಂಬ ನಿಲುವನ್ನು ಲೀ ಶುಲ್ಮನ್ 1986ರಲ್ಲಿ ಮಂಡಿಸಿದರು. 38 ಸೆಕೆಂಡು ಎಲ್ಲಿಂದ ಬಂತೆಂದು ಊಹಿಸಬಲ್ಲ ತಿಳಿವು ಈ ಎರಡನೆಯ ಬಗೆಯದು. ಭೌತಶಾಸ್ತ್ರದ ಪದವಿಯಿಂದ ಅದು ತಾನಾಗಿ ಬರುವುದಿಲ್ಲ, ಸ್ವತಃ ಮಾಡಿ ಎಡವಿದವರಿಗೆ ಬರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿಯೇ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದರ 'ಬಾಲವಿಜ್ಞಾನ' ಪತ್ರಿಕೆ, ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಪ್ರಯೋಗಗಳನ್ನು ಹಳ್ಳಿ ಶಾಲೆಗಳಿಗೂ ಪರಿಚಯಿಸಿವೆ. ವಾಹನ ಬಂದುಹೋದ ಮೇಲೆ ಅದೇ ಪ್ರಶ್ನೆಯನ್ನು ಮುಂದಿನ ವಾರವೂ ಬೆಳೆಸಬೇಕಾದವರು ಆ ಶಾಲೆಯ ಶಿಕ್ಷಕರು. ದೇಶಾದ್ಯಂತ ಬಿ.ಎಡ್. 2015ರಿಂದ ಎರಡು ವರ್ಷದ ಕೋರ್ಸಾಗಿರುವುದರಿಂದ, ಅವರನ್ನು ಇದಕ್ಕೆ ಅಣಿಗೊಳಿಸಲು ಹಿಂದಿಗಿಂತ ಹೆಚ್ಚು ಅವಕಾಶವಿದೆ.

ಮೂರು ಬದಲಾವಣೆಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಪ್ರಶಿಕ್ಷಣಾರ್ಥಿಗಳು ಬೋಧಿಸುವ ಪ್ರತಿ ಚಟುವಟಿಕೆಯನ್ನೂ ಮೊದಲು ಗುಂಪುಗಳಲ್ಲಿ ಮಾಡಿ, ಹೊಂದದ ಅಳತೆಗಳನ್ನು ಅಳಿಸದೆ ದಾಖಲಿಸಬೇಕು. ಎರಡನೆಯದಾಗಿ, ಬರಬಹುದಾದ ಬೇರೆ ಫಲಿತಾಂಶಗಳು, ಅವುಗಳ ಕಾರಣ ಮತ್ತು ಆಗ ಕೇಳಬೇಕಾದ ಪ್ರಶ್ನೆಗೆ ಪಾಠ ಯೋಜನೆಯಲ್ಲಿ ಜಾಗವಿರಬೇಕು. ಮೂರನೆಯದಾಗಿ, ಪಾಠ ವೀಕ್ಷಿಸುವವರು ಇಂಥ ಕ್ಷಣವನ್ನು ನಿಭಾಯಿಸಿದ ಬಗೆಗೇ ಅಂಕ ನೀಡಬೇಕು.

6. ಉಪಸಂಹಾರ

ಇದಕ್ಕೆ ತೆರಬೇಕಾದ ಬೆಲೆ ಸಮಯ. ಮೇಣದಬತ್ತಿಯ ಚರ್ಚೆ ಒಂದು ಪೀರಿಯಡ್ಡಿನಲ್ಲಿ ಮುಗಿಯುವಂಥದ್ದಲ್ಲ, ಪಠ್ಯ ಮುಗಿಸುವ ಒತ್ತಡವೂ ಸುಳ್ಳಲ್ಲ. ಆದ್ದರಿಂದ ಚಟುವಟಿಕೆಗಳ ಸಂಖ್ಯೆ ಕಡಿಮೆ ಮಾಡಿ ಪ್ರತಿಯೊಂದಕ್ಕೂ ಹೆಚ್ಚು ಅವಧಿ ಕೊಡುವುದೇ ಕಾರ್ಯಸಾಧ್ಯ ದಾರಿ. ಹೋಶಂಗಾಬಾದಿನಲ್ಲಿ ಪುಸ್ತಕ, ಕಿಟ್, ತರಬೇತಿ ಮತ್ತು ಪರೀಕ್ಷೆ ಒಟ್ಟಿಗೇ ಬದಲಾದವು ಎಂಬುದನ್ನು ಮರೆಯಬಾರದು. ಪರೀಕ್ಷೆ ಪುಸ್ತಕದ ವಾಕ್ಯವನ್ನೇ ಕೇಳುತ್ತಿರುವಷ್ಟು ಕಾಲ, ಎಷ್ಟೇ ಚೆನ್ನಾಗಿ ತರಬೇತಾದ ಶಿಕ್ಷಕರೂ ಕೊನೆಗೆ ಅದೇ ವಾಕ್ಯವನ್ನು ಬರೆಸುತ್ತಾರೆ.