ಸೈಕಲ್ ಬಿಟ್ಟುಹೋದ ದೊಡ್ಡ ಚಕ್ರ

ಒಂದೇ ಚಕ್ರದ ಸೈಕಲ್ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಸರ್ಕಸ್ ಟೆಂಟು, ಜೋಕರ್, ಪುಟ್ಟ ಚಕ್ರ. ಅಷ್ಟೇ ಅಲ್ವಾ? ಆದ್ರೆ ಅದಕ್ಕೆ 36 ಇಂಚಿನ ಚಕ್ರ ಹಾಕಿ ಕಾಡುದಾರಿ, ಹಳ್ಳಿರಸ್ತೆಗಳಲ್ಲಿ ದಿನಗಟ್ಟಲೆ ಓಡಿಸೋರಿದ್ದಾರೆ. ಇವತ್ತು ಆ ಚಕ್ರದ ಕಥೆ.

1/4 ಯಾಕೆ ಅಷ್ಟು ದೊಡ್ಡದು?
ನಮ್ಮ ಸೈಕಲ್‌ಗೆ ಚೈನ್ ಇದೆ. ಪೆಡಲ್ ಒಂದು ಸುತ್ತು ತುಳಿದ್ರೆ ಹಿಂದಿನ ಚಕ್ರ ಎರಡು-ಮೂರು ಸುತ್ತು ತಿರುಗುತ್ತೆ. ಯುನಿಸೈಕಲ್‌ಗೆ ಸಾಮಾನ್ಯವಾಗಿ ಚೈನೂ ಇಲ್ಲ, ಗೇರೂ ಇಲ್ಲ. ಒಂದು ಸುತ್ತು ತುಳಿದ್ರೆ ಚಕ್ರವೂ ಒಂದೇ ಸುತ್ತು. ಲೆಕ್ಕ ಹಾಕಿ: 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತೆ, 36 ಇಂಚಿನದು 2.87 ಮೀಟರ್. ಒಂದು ಕಿ.ಮೀ.ಗೆ 627 ಸುತ್ತು ಎಲ್ಲಿ, 348 ಎಲ್ಲಿ!

2/4 ಇದು ಹಳೇ ಲೆಕ್ಕ
1870ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಯಂಥವರು ಮಾಡಿದ್ದೂ ಇದೇ ಲೆಕ್ಕ. ಅದಕ್ಕೇ ಪೆನ್ನಿ ಫಾರ್ದಿಂಗ್ ಸೈಕಲ್‌ನ ಮುಂದಿನ ಚಕ್ರ ಅಷ್ಟು ಎತ್ತರ. ಥಾಮಸ್ ಸ್ಟೀವನ್ಸ್ ಅಂಥದ್ದೇ ಸೈಕಲ್ ಏರಿ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟರು, 1886ರಲ್ಲಿ ಜಪಾನಿನ ಯೊಕೊಹಾಮಾ ಮುಟ್ಟಿದರು. ನಡುವೆ ನಮ್ಮ ದೇಶದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲೂ ತುಳಿದರು.

ತೊಂದರೆ ಏನಪ್ಪಾ ಅಂದ್ರೆ, ಚಕ್ರಕ್ಕೆ ಒಂದು ಕಲ್ಲು ಅಡ್ಡ ಬಂದ್ರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳ್ತಿದ್ದ. ಹ್ಯಾಂಡಲ್ ಬಾರ್‌ಗೆ ಕಾಲು ಸಿಕ್ಕಿಕೊಳ್ತಿತ್ತು. 1885ರಲ್ಲಿ ಜೇಮ್ಸ್ ಅವರ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ಚೈನ್ ಇರುವ ರೋವರ್ ಸೈಕಲ್ ತಂದರು. 1888ರಲ್ಲಿ ಡನ್‌ಲಪ್ ಅವರ ಗಾಳಿ ಟಯರ್ ಬಂತು. ದೊಡ್ಡ ಚಕ್ರ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಹೊರಗೆ.

3/4 ಮತ್ತೆ ಬಂತು
ಅಲಾಸ್ಕಾದ ಸೆವರ್ಡ್ ಊರಿನ ಜಾರ್ಜ್ ಪೆಕ್ ಯುನಿಸೈಕಲನ್ನ ಬೆಟ್ಟದ ಕಲ್ಲುದಾರಿಗೆ ಇಳಿಸಿದವರಲ್ಲಿ ಮೊದಲಿಗರು. 1990ರ ದಶಕದ ಕೊನೆಗೆ, ಹಳೇ ಕಾರುಗಳ ಟಯರ್ ಮಾಡುವ ಅಮೆರಿಕದ ಕೋಕರ್ ಕಂಪನಿ 36 ಇಂಚಿನ ಯುನಿಸೈಕಲ್ ಮಾರೋಕೆ ಶುರು ಮಾಡ್ತು. 2008ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ 'ರೈಡ್ ದ ಲಾಬ್‌ಸ್ಟರ್' ಅನ್ನೋ ಸುಮಾರು 800 ಕಿ.ಮೀ. ರಿಲೇ ಸ್ಪರ್ಧೆಯೇ ನಡೀತು.

2015ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನ ಎಡ್ ಪ್ರಾಟ್ ಇಂಥದ್ದೇ ಚಕ್ರ ಹತ್ತಿ ಪ್ರಪಂಚ ಸುತ್ತೋಕೆ ಹೊರಟ. ಆಗ ಅವನಿಗೆ 19, ಅಂದ್ರೆ ಈಗಿನ ನನಗಿಂತ ಒಂದು ವರ್ಷ ಚಿಕ್ಕವನು! ಬಡ ಮಕ್ಕಳಿಗೆ ಶಾಲಾ ಬ್ಯಾಗ್ ಕೊಡುವ ಸಂಸ್ಥೆಗೆ ದುಡ್ಡು ಸೇರಿಸ್ತಾ, 2018ರಲ್ಲಿ ಮನೆಗೆ ವಾಪಸ್ ಬಂದ.

4/4 ಸುಲಭ ಅಂದ್ಕೋಬೇಡಿ
ಇಳಿಜಾರಲ್ಲೂ ಪೆಡಲ್ ನಿಲ್ಲಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ದೊಡ್ಡ ಚಕ್ರ ಹತ್ತೋದೂ ಕಷ್ಟ, ತಕ್ಷಣ ನಿಲ್ಲಿಸೋದೂ ಕಷ್ಟ. ಆದ್ರೆ ಸಣ್ಣ ಚಕ್ರ ಸಿಕ್ಕಿಬೀಳುವ ಬೇರು, ಗುಂಡಿಗಳನ್ನ ಇದು ಉರುಳಿಕೊಂಡು ದಾಟುತ್ತೆ. ಸವಾರನ ಮುಂದೆ ಅಡ್ಡ ಹ್ಯಾಂಡಲ್ ಬಾರ್ ಇಲ್ಲದ್ದರಿಂದ, ಜಾರಿದ್ರೂ ಎಷ್ಟೋ ಸಲ ಕಾಲ ಮೇಲೇ ಇಳೀಬಹುದು. ಪೆನ್ನಿ ಫಾರ್ದಿಂಗ್ ಸವಾರನಿಗೆ ಆ ಅದೃಷ್ಟ ಇರಲಿಲ್ಲ.

ನಾನು ಬಿಕಾಂ. ಹೊಸ ವಸ್ತು ಬಂದ್ರೆ ಹಳೇದು ಹೋಗುತ್ತೆ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ಈ ಚಕ್ರವೂ ಹೋಗಿತ್ತು. ಲಾಭ ಕೇಳದ ನಾಲ್ಕು ಜನ ಅದನ್ನ ವಾಪಸ್ ತಂದರು. "ಇದ್ರಿಂದ ಏನು ಉಪಯೋಗ?" ಅಂತ ಮನೇಲಿ ಯಾರಾದ್ರೂ ಕೇಳಿದ್ರೆ ಇನ್ಮೇಲೆ ಈ ಕಥೆ ಹೇಳ್ತೀನಿ.

ನಿಮ್ಮೂರಲ್ಲಿ ಅಂಗಡಿ ಮರೆತರೂ ಜನ ಬಿಡದ ವಸ್ತು ಯಾವುದಿದೆ? ಕಾಮೆಂಟ್ ಮಾಡಿ.

ಮುಂದಿನ ಭಾಗ: ಗಾಳಿ ಟಯರ್ ಕಥೆ.

#ಚಕ್ರದಕಥೆ #ಇತಿಹಾಸ #ಯುನಿಸೈಕಲ್